ಮಗು ಮಾತು ಕಲೀಲಿ, ಆಮೇಲೆ ಚುಚ್ಚಿಸೋಣ: ಮಿನ್ನೆಸೋಟದ ಸೊಮಾಲಿಗಳು ಮತ್ತು ದಡಾರದ ಲಸಿಕೆ

2025ರ ನವೆಂಬರ್ 19ಕ್ಕೆ ಅಮೆರಿಕದ ಸಿಡಿಸಿ, ಅಂದ್ರೆ ಅಲ್ಲಿನ ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ, ತನ್ನ ವೆಬ್‌ಸೈಟಿನ ಒಂದು ಪುಟ ಬದಲಾಯಿಸ್ತು. ಲಸಿಕೆಯಿಂದ ಆಟಿಸಂ, ಅಂದ್ರೆ ಮಗು ಮಾತಾಡೋ, ಬೇರೆಯವರ ಜೊತೆ ಬೆರೆಯೋ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರೋ ಸ್ಥಿತಿ, ಬರಲ್ಲ ಅಂತ ಅಷ್ಟು ವರ್ಷ ನೇರವಾಗಿ ಹೇಳ್ತಿದ್ದ ಪುಟ ಅದು. ಈಗ ಅದು ಹೇಳೋದು ಏನಂದ್ರೆ, "ಬರಲ್ಲ" ಅನ್ನೋ ಮಾತಿಗೆ ಸಾಕ್ಷ್ಯದ ಆಧಾರ ಇಲ್ಲ, ಆ ಸಾಧ್ಯತೆಯನ್ನ ಅಧ್ಯಯನಗಳು ಪೂರ್ತಿ ತಳ್ಳಿಹಾಕಿಲ್ಲ ಅಂತ. ತಮಾಷೆ ಅಂದ್ರೆ ಹಳೇ ಹೆಡ್ಡಿಂಗ್ ಹಾಗೇ ಉಳಿಸಿ ಪಕ್ಕದಲ್ಲೊಂದು ನಕ್ಷತ್ರ ಚಿಹ್ನೆ ಹಾಕಿದಾರೆ, ಹೆಡ್ಡಿಂಗ್ ತೆಗೆಯಲ್ಲ ಅಂತ ಸೆನೆಟ್ ಸಮಿತಿ ಅಧ್ಯಕ್ಷರ ಜೊತೆ ಒಪ್ಪಂದ ಆಗಿದೆ ಅಂತ ಕೆಳಗೆ ಅವರೇ ಬರ್ಕೊಂಡಿದಾರೆ! ಇದಕ್ಕೆ ಒಂಬತ್ತು ದಿನ ಮುಂಚೆ, ನವೆಂಬರ್ 10ಕ್ಕೆ, ಪಕ್ಕದ ಕೆನಡಾ 1998ರಿಂದ ಉಳಿಸ್ಕೊಂಡು ಬಂದಿದ್ದ ದಡಾರ ಮುಕ್ತ ದೇಶ ಅನ್ನೋ ಪಟ್ಟ ಕಳ್ಕೊಂಡಿತ್ತು.

ಇದನ್ನೆಲ್ಲ ಓದಿದೋರಿಗೆ, ಅದರಲ್ಲೂ ಮಗಳೋ ಸೊಸೆಯೋ ಮೊಮ್ಮಗೂನ ಇಟ್ಕೊಂಡು ಅಮೆರಿಕದಲ್ಲಿರೋ ಮನೆಯೋರಿಗೆ, ತಲೆ ಕೆಡೋದು ಸಹಜ. ಹಾಗಾದ್ರೆ ಲಸಿಕೆಗೂ ಆಟಿಸಂಗೂ ಸಂಬಂಧ ಇದೆಯಾ? ಇನ್ನೊಂದು ಪ್ರಶ್ನೆನೂ ಇದೆ, ಇದಕ್ಕಿಂತ ಸೂಕ್ಷ್ಮದ್ದು. ಅಷ್ಟು ಆಸ್ಪತ್ರೆ, ಅಷ್ಟು ಡಾಕ್ಟರ್ ಇರೋ ದೇಶದಲ್ಲಿ ದಡಾರ ಪದೇ ಪದೇ ಕೆಲವೇ ಸಮುದಾಯಗಳಲ್ಲಿ ಯಾಕೆ ಹಬ್ಬುತ್ತೆ, ಮಿನ್ನೆಸೋಟದಲ್ಲಿ ಸೊಮಾಲಿಗಳು, ಟೆಕ್ಸಸ್‌ನಲ್ಲಿ ಮೆನ್ನೊನೈಟರು ಅನ್ನೋ ಕ್ರೈಸ್ತ ಪಂಗಡದೋರು, ನ್ಯೂಯಾರ್ಕಿನಲ್ಲಿ ಸಂಪ್ರದಾಯಸ್ಥ ಯಹೂದಿಗಳು, ಇವರಿಗೆಲ್ಲ ಏನಾಗಿದೆ?

ಇದರಲ್ಲಿ ಸೊಮಾಲಿಗಳ ಕಥೆ ಹಿಡ್ಕೊಂಡು ಹೋದ್ರೆ ಮಿಕ್ಕಿದ್ದು ಅರ್ಥ ಆಗುತ್ತೆ. ಅದಕ್ಕೆ ಮುಂಚೆ ಸಿಡಿಸಿ ಪುಟದ ವಿಷಯ ಮುಗಿಸಿಬಿಡೋಣ.

ಆ ಪುಟದ ಮಾತು ನಿಜಾನಾ

ಇಲ್ಲ. ಪುಟ ಬದಲಾಗೋಕೆ ಕಾರಣ ಆಗುವಂಥ ಹೊಸ ಸಂಶೋಧನೆ ಯಾವ್ದೂ ಬಂದಿರಲಿಲ್ಲ, ಬದಲಾಗಿದ್ದು ಕುರ್ಚಿ ಮೇಲೆ ಕೂತೋರು. ಲಸಿಕೆ ಬಗ್ಗೆ ವರ್ಷಗಟ್ಟಲೆ ಅನುಮಾನ ಹರಡ್ತಾ ಬಂದಿದ್ದ ರಾಬರ್ಟ್ ಎಫ್. ಕೆನಡಿ ಜೂನಿಯರ್ 2025ರ ಫೆಬ್ರವರಿಯಲ್ಲಿ ಆರೋಗ್ಯ ಮಂತ್ರಿ ಆದ್ರು, ಜೂನ್‌ನಲ್ಲಿ ಲಸಿಕೆ ಸಲಹಾ ಸಮಿತಿಯ 17 ಜನರನ್ನೂ ಒಂದೇ ಏಟಿಗೆ ಮನೆಗೆ ಕಳಿಸಿದ್ರು, ನವೆಂಬರಿಗೆ ಈ ಪುಟ.

"ಪೂರ್ತಿ ತಳ್ಳಿಹಾಕಿಲ್ಲ" ಅನ್ನೋದು ಜಾಣ ಮಾತು. ಒಂದು ವಸ್ತುವಿನಿಂದ ಯಾವತ್ತೂ ಯಾರಿಗೂ ಏನೂ ಆಗಲ್ಲ ಅಂತ ನೂರಕ್ಕೆ ನೂರು ಸಾಬೀತು ಮಾಡೋ ಅಧ್ಯಯನ ಪ್ರಪಂಚದಲ್ಲಿ ಇಲ್ಲ. ಬಾಳೆಹಣ್ಣಿನಿಂದ ಆಟಿಸಂ ಬರಲ್ಲ ಅಂತಾನೂ ಯಾರೂ ಪೂರ್ತಿ ಸಾಬೀತು ಮಾಡಿಲ್ಲ. ವಿಜ್ಞಾನ ಮಾಡೋದು ಬೇರೆ ಕೆಲಸ, ಹಾಕಿಸ್ಕೊಂಡ ಮಕ್ಕಳನ್ನೂ ಹಾಕಿಸ್ಕೊಳ್ಳದ ಮಕ್ಕಳನ್ನೂ ಪಕ್ಕಪಕ್ಕ ಇಟ್ಟು ಏನಾದ್ರೂ ವ್ಯತ್ಯಾಸ ಇದೆಯಾ ಅಂತ ನೋಡೋದು. 2019ರಲ್ಲಿ ಡೆನ್ಮಾರ್ಕಿನೋರು 6,57,461 ಮಕ್ಕಳ ದಾಖಲೆ ನೋಡಿದ್ರು, ಎಂಎಂಆರ್ ಅಂದ್ರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಕೊಡೋ ಲಸಿಕೆ ಹಾಕಿಸ್ಕೊಂಡೋರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಜಪಾನ್ 1993ರಲ್ಲಿ ಬೇರೆ ಕಾರಣಕ್ಕೆ ಎಂಎಂಆರ್ ನಿಲ್ಲಿಸ್ತು, ಅಲ್ಲಿನ ಯೊಕೊಹಾಮಾದಲ್ಲಿ ನೋಡಿದ್ರೆ ಲಸಿಕೆ ನಿಂತ ಮೇಲೂ ಆಟಿಸಂ ಏರ್ತಾನೇ ಇತ್ತು. ಅದೇ ಕಾರಣ ಆಗಿದ್ರೆ ಇಳೀಬೇಕಿತ್ತಲ್ವಾ?

ಈ ಭಯ ಹುಟ್ಟಿದ್ದು 1998ರಲ್ಲಿ, ಲಂಡನ್ನಿನ ಡಾಕ್ಟರ್ ಆಂಡ್ರ್ಯೂ ವೇಕ್‌ಫೀಲ್ಡ್ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಒಂದು ಪ್ರಬಂಧದಿಂದ. ಅದರಲ್ಲಿ ಇದ್ದದ್ದು ಬರೀ 12 ಮಕ್ಕಳು. ಲಸಿಕೆ ಕಂಪನಿಗಳ ಮೇಲೆ ಕೇಸ್ ಹಾಕೋಕೆ ಹೊರಟಿದ್ದ ವಕೀಲರಿಂದ ಆತ ದುಡ್ಡು ತಗೊಂಡಿದ್ದು ಆಮೇಲೆ ಹೊರಗೆ ಬಂತು, 2010ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಪ್ರಬಂಧ ವಾಪಸ್ ತಗೊಳ್ತು, ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಆತನ ವೈದ್ಯ ಪರವಾನಗಿನೂ ಹೋಯ್ತು. ಈ ಮನುಷ್ಯನ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬರ್ತಾನೆ.

ಇಷ್ಟಾದ್ರೂ ಭಯ ಯಾಕೆ ಹೋಗಲ್ಲ ಅಂದ್ರೆ, ಎರಡರ ಟೈಮಿಂಗ್ ಒಂದೇ. ಅಮೆರಿಕದಲ್ಲಿ ಎಂಎಂಆರ್ ಮೊದಲ ಡೋಸ್ ಹಾಕೋದು 12ರಿಂದ 15 ತಿಂಗಳಿಗೆ. ಆಟಿಸಂ ಲಕ್ಷಣ ಅಪ್ಪ ಅಮ್ಮನ ಕಣ್ಣಿಗೆ ಬೀಳೋದೂ ಹೆಚ್ಚುಕಮ್ಮಿ ಅದೇ ವಯಸ್ಸಿಂದ ಎರಡು ವರ್ಷದೊಳಗೆ, ಕೆಲವು ಮಕ್ಕಳು ಆಡ್ತಿದ್ದ ನಾಲ್ಕು ಮಾತನ್ನೂ ಆ ಹೊತ್ತಿಗೆ ಬಿಟ್ಟುಬಿಡ್ತಾರೆ. ಹೋದ ತಿಂಗಳು ಇಂಜೆಕ್ಷನ್ ಆಯ್ತು, ಈ ತಿಂಗಳು "ಅಮ್ಮ" ಅನ್ನೋದು ನಿಂತುಹೋಯ್ತು. ಕಣ್ಣಾರೆ ಕಂಡ ತಾಯಿಗೆ ಡೆನ್ಮಾರ್ಕಿನ ಆರೂವರೆ ಲಕ್ಷ ಮಕ್ಕಳ ಲೆಕ್ಕ ಹೇಳಿದ್ರೆ ತಲೆಗೆ ಹತ್ತೋದು ಕಷ್ಟ.

ದಡಾರ ಬರೀ ಗುಳ್ಳೆ ಅಲ್ಲ

ನಮ್ಮಲ್ಲಿ ಹಳಬರಿಗೆ ದಡಾರ ಅಂದ್ರೆ ಬೇವಿನ ಸೊಪ್ಪು, ಒಂದು ವಾರ ಮನೇಲಿ ಮಲಗಿಸೋದು, ಅಷ್ಟೇ. ಆದ್ರೆ ಇದರಷ್ಟು ಬೇಗ ಹರಡೋ ಕಾಯಿಲೆ ಕಮ್ಮಿ. ರೋಗ ಇರೋ ಮಗು ಎದ್ದು ಹೋದ ರೂಮಿನಲ್ಲಿ ಎರಡು ಗಂಟೆ ತನಕ ವೈರಸ್ ಗಾಳೀಲಿ ಇರುತ್ತೆ, ತಡೆಯೋ ಶಕ್ತಿ ಇಲ್ಲದ ಜನರ ಮಧ್ಯೆ ಒಬ್ಬರಿಂದ 12ರಿಂದ 18 ಜನಕ್ಕೆ ಹೋಗುತ್ತೆ. ಇಪ್ಪತ್ತು ಮಕ್ಕಳಲ್ಲಿ ಒಂದಕ್ಕೆ ನ್ಯುಮೋನಿಯಾ, ಸಾವಿರಕ್ಕೆ ಒಂದರಿಂದ ಮೂರು ಮಕ್ಕಳು ಸಾಯ್ತಾರೆ, ಅದೂ ಒಳ್ಳೇ ಆಸ್ಪತ್ರೆ ಇರೋ ದೇಶದಲ್ಲಿ. ಅದಕ್ಕೇ ಊರಲ್ಲಿ ನೂರಕ್ಕೆ 95 ಜನಕ್ಕಾದ್ರೂ ಲಸಿಕೆ ಆಗಿರಬೇಕು ಅನ್ನೋದು. ಲೆಕ್ಕ 95ರಿಂದ 90ಕ್ಕೆ ಇಳಿದ್ರೆ ಐದೇ ಅಲ್ವಾ ಅನ್ಸುತ್ತೆ, ಆದ್ರೆ ತಡೆ ಇಲ್ಲದೋರ ಸಂಖ್ಯೆ 5ರಿಂದ 10ಕ್ಕೆ, ಅಂದ್ರೆ ಡಬಲ್ ಆಯ್ತು. ಮೇಲಾಗಿ ಆ ಹತ್ತು ಜನ ಊರ ತುಂಬ ಚದುರಿ ಇರಲ್ಲ, ಒಂದೇ ಬೀದಿ, ಒಂದೇ ಡೇ ಕೇರ್, ಒಂದೇ ಪ್ರಾರ್ಥನೆ ಜಾಗದಲ್ಲಿ ಇರ್ತಾರೆ.

ನೂರಕ್ಕೆ 92 ಜನ ಹಾಕಿಸ್ತಿದ್ರು

ಸೊಮಾಲಿಯಾದಲ್ಲಿ 1991ರಲ್ಲಿ ಸರ್ಕಾರ ಬಿದ್ದು ಅಂತರ್ಯುದ್ಧ ಶುರುವಾದ ಮೇಲೆ ಸಾವಿರಾರು ಕುಟುಂಬ ಕೆನ್ಯಾದ ನಿರಾಶ್ರಿತರ ಶಿಬಿರ ಹಾದು ಅಮೆರಿಕಕ್ಕೆ ಬಂದ್ವು, ಅದರಲ್ಲಿ ಬಹಳ ಜನ ಹಿಮ ಬೀಳೋ ಮಿನ್ನೆಸೋಟ ರಾಜ್ಯ ಸೇರ್ಕೊಂಡ್ರು. ಅಮೆರಿಕದಲ್ಲಿ ಸೊಮಾಲಿಗಳು ಅತಿ ಹೆಚ್ಚಿರೋದು ಇವತ್ತಿಗೂ ಅಲ್ಲೇ, ಮಿನ್ನಿಯಾಪೊಲಿಸ್‌ನ ಸೀಡರ್ ರಿವರ್‌ಸೈಡ್ ಅನ್ನೋ ಏರಿಯಾ ಅವರ ಪೇಟೆ ಇದ್ದಂಗೆ.

ಈಗ ಒಂದು ಅಂಕಿ ನೋಡಿ. 2004ರಲ್ಲಿ ಮಿನ್ನೆಸೋಟದ ಸೊಮಾಲಿ ಮಕ್ಕಳಲ್ಲಿ ಎಂಎಂಆರ್ ಆಗಿದ್ದದ್ದು ನೂರಕ್ಕೆ 92. ಉಳಿದೋರಿಗಿಂತ ಕಮ್ಮಿ ಏನಲ್ಲ, ಒಂಚೂರು ಜಾಸ್ತಿನೇ. ಅದರಲ್ಲಿ ಆಶ್ಚರ್ಯನೂ ಇಲ್ಲ, ಆ ತಲೆಮಾರಿನ ತಾಯಂದಿರು ದಡಾರನ ಹತ್ತಿರದಿಂದ ಕಂಡೋರು, ಸೊಮಾಲಿ ಭಾಷೇಲಿ ಅದಕ್ಕೆ ತನ್ನದೇ ಹೆಸರಿದೆ, ಶಿಬಿರದಲ್ಲಿ ಅದು ಬಂದ್ರೆ ಏನಾಗುತ್ತೆ ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. 2014ರ ಹೊತ್ತಿಗೆ ಅದೇ ಅಂಕಿ 42ಕ್ಕೆ ಬಿತ್ತು. ಅದೇ ಧರ್ಮ, ಅದೇ ಭಾಷೆ, ಅದೇ ಜನ. ಹತ್ತೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ. ಅವರ ಸಂಸ್ಕೃತಿನೇ ಹಂಗೆ, ಓದು ಬರಹ ಇಲ್ಲ, ಮೌಢ್ಯ ಅನ್ನೋ ವಿವರಣೆಗಳೆಲ್ಲ ಈ ಎರಡು ಅಂಕಿ ಮುಂದೆ ನಿಲ್ಲಲ್ಲ, ಯಾಕಂದ್ರೆ ಸಂಸ್ಕೃತಿನೇ ಕಾರಣ ಆಗಿದ್ರೆ 2004ರಲ್ಲೂ ಹಾಕಿಸ್ಬಾರದಿತ್ತು. ಈ ಮಧ್ಯೆ ಏನೋ ನಡೆದಿದೆ.

ಪ್ರಶ್ನೆ 2008ರದ್ದು, ಉತ್ತರ 2013ರದ್ದು

2008ರ ಸುಮಾರಿಗೆ ಮಿನ್ನಿಯಾಪೊಲಿಸ್‌ನ ಸೊಮಾಲಿ ಅಪ್ಪ ಅಮ್ಮಂದಿರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಶಾಲೆಗೆ ಹೋಗೋಕೆ ಮುಂಚಿನ ವಿಶೇಷ ಶಿಕ್ಷಣ ತರಗತಿಗಳಲ್ಲಿ, ಆಟಿಸಂ ಅಂತ ಗುರುತಿಸಿದ ಮಕ್ಕಳಲ್ಲಿ, ತಮ್ಮ ಮಕ್ಕಳೇ ಜಾಸ್ತಿ ಕಾಣ್ತಿದಾರೆ. ಸೊಮಾಲಿ ಭಾಷೇಲಿ ಆಟಿಸಂಗೆ ಪದ ಇರಲಿಲ್ಲ. ಅಲ್ಲಿ ಹುಟ್ಟಿದ ದೊಡ್ಡ ಮಗನಿಗೆ ಇಲ್ಲ, ಇಲ್ಲಿ ಹುಟ್ಟಿದ ಚಿಕ್ಕವನಿಗೆ ಇದೆ, ಹಾಗಾದ್ರೆ ಇದು ಈ ದೇಶದ ಕಾಯಿಲೆ ಅಂತ ಕೆಲವರು ಲೆಕ್ಕ ಹಾಕಿದ್ರು. ಆ ಲೆಕ್ಕದಲ್ಲಿ ತಪ್ಪಿರಬಹುದು, ಆದ್ರೆ ಅವರು ಕಂಡಿದ್ದು ಸುಳ್ಳಲ್ಲ, ರಾಜ್ಯದ ಆರೋಗ್ಯ ಇಲಾಖೆ 2009ರಲ್ಲಿ ಪರಿಶೀಲಿಸಿದಾಗ ಆ ತರಗತಿಗಳಲ್ಲಿ ಸೊಮಾಲಿ ಮಕ್ಕಳ ಪ್ರಮಾಣ ನಿಜವಾಗ್ಲೂ ಹೆಚ್ಚೇ ಇತ್ತು. ಯಾಕೆ ಅನ್ನೋದಕ್ಕೆ ಮಾತ್ರ ಆ ವರದೀಲಿ ಉತ್ತರ ಇರಲಿಲ್ಲ.

ಸರಿಯಾದ ಅಧ್ಯಯನ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಬಂದಿದ್ದು 2013ರ ಕೊನೆಗೆ. ಮಿನ್ನಿಯಾಪೊಲಿಸ್‌ನಲ್ಲಿ 7ರಿಂದ 9 ವರ್ಷದ ಸೊಮಾಲಿ ಮಕ್ಕಳಲ್ಲಿ 32ಕ್ಕೆ ಒಬ್ಬರಿಗೆ ಆಟಿಸಂ, ಬಿಳಿಯರ ಮಕ್ಕಳಲ್ಲಿ 36ಕ್ಕೆ ಒಬ್ಬರಿಗೆ, ಅಂದ್ರೆ ಎರಡೂ ಹೆಚ್ಚುಕಮ್ಮಿ ಸಮ. ಆದ್ರೆ ಆಟಿಸಂ ಇರೋ ಸೊಮಾಲಿ ಮಕ್ಕಳಲ್ಲಿ ಬುದ್ಧಿಬೆಳವಣಿಗೆ ತೊಂದರೆನೂ ಜೊತೆಗಿರೋದು ಬೇರೆಯವರಿಗಿಂತ ಬಹಳ ಜಾಸ್ತಿ. ಅಂದ್ರೆ ಆ ಅಪ್ಪ ಅಮ್ಮಂದಿರು ಹೇಳ್ತಿದ್ದದ್ದು ಅರ್ಧ ಸರಿ ಇತ್ತು, ಅವರ ಮಕ್ಕಳ ತೊಂದರೆ ಹೆಚ್ಚು ತೀವ್ರ ಇತ್ತು, ಅದಕ್ಕೇ ಎದ್ದು ಕಾಣ್ತಿತ್ತು.

ಪ್ರಶ್ನೆ ಎದ್ದಿದ್ದು 2008, ಉತ್ತರ ಬಂದಿದ್ದು 2013. ಮಧ್ಯದ ಐದು ವರ್ಷ ಖಾಲಿ. ಈ ಐದು ವರ್ಷದಲ್ಲೇ ಇಡೀ ಕಥೆ ಇದೆ.

ಖಾಲಿ ಜಾಗಕ್ಕೆ ಬಂದೋರು

ಆ ಖಾಲಿ ಜಾಗಕ್ಕೆ ಲಸಿಕೆ ವಿರೋಧಿ ಗುಂಪುಗಳು ಬಂದ್ವು. ಸಭೆ ಮಾಡಿದ್ರು, ಕರಪತ್ರ ಹಂಚಿದ್ರು, ಮುಖ್ಯವಾಗಿ ಕೂತು ಕೇಳಿಸ್ಕೊಂಡ್ರು. 2010 ಮತ್ತು 2011ರಲ್ಲಿ ಸ್ವತಃ ವೇಕ್‌ಫೀಲ್ಡ್ ಮಿನ್ನಿಯಾಪೊಲಿಸ್‌ಗೆ ಬಂದು ಸೊಮಾಲಿ ಕುಟುಂಬಗಳನ್ನ ಭೇಟಿ ಮಾಡಿದ, ಪ್ರಬಂಧ ವಾಪಸ್ ಆಗಿ, ಪರವಾನಗಿ ಹೋದ ಮೇಲೆ. ಲಂಡನ್ನಿನಲ್ಲಿ ಮಾನ ಕಳ್ಕೊಂಡೋನಿಗೆ ಸಾವಿರಾರು ಮೈಲಿ ಆಚೆ ಹೊಸ ಕೇಳುಗರು ಸಿಕ್ಕಿದ್ರು.

ಒಂದು ಮಾತು ಇಲ್ಲಿ ಒಪ್ಕೊಳ್ಳಬೇಕು. ಆರೋಗ್ಯ ಇಲಾಖೆ ಸುಳ್ಳು ಹೇಳಲಿಲ್ಲ, ಕಾರಣ ಗೊತ್ತಿಲ್ಲದಿದ್ದಾಗ ಗೊತ್ತಿದೆ ಅನ್ನಲಿಲ್ಲ, ಅದು ಪ್ರಾಮಾಣಿಕತೆನೇ. ಆದ್ರೆ ಮಾತು ಬಿಟ್ಟುಹೋದ ಮೂರು ವರ್ಷದ ಮಗೂನ ತೊಡೆ ಮೇಲೆ ಕೂರಿಸ್ಕೊಂಡಿರೋ ತಾಯಿಗೆ ಒಬ್ಬ "ಕಾರಣ ಏನಂತ ಇನ್ನೂ ಗೊತ್ತಿಲ್ಲ, ಲಸಿಕೆ ಅಂತೂ ಅಲ್ಲ" ಅಂತಾನೆ, ಇನ್ನೊಬ್ಬ "ನಂಗೊತ್ತು, ಲಸಿಕೆನೇ" ಅಂತಾನೆ. ಕಾರಣನೇ ಗೊತ್ತಿಲ್ಲ ಅನ್ನೋರಿಗೆ ಲಸಿಕೆ ಅಲ್ಲ ಅನ್ನೋದು ಮಾತ್ರ ಹೇಗೆ ಗೊತ್ತಾಯ್ತು ಅಂತ ಆಕೆಗೆ ಅನ್ಸಿದ್ರೆ ಅದು ಮೌಢ್ಯ ಅಲ್ಲ, ಒಳ್ಳೇ ತರ್ಕದ ಪ್ರಶ್ನೆ. ಅದಕ್ಕೆ ಉತ್ತರನೂ ಇದೆ, ಕಳ್ಳ ಯಾರು ಅಂತ ಗೊತ್ತಾಗದೇ ಇದ್ರೂ ಆವತ್ತು ಊರಲ್ಲೇ ಇಲ್ಲದೋನು ಕಳ್ಳ ಅಲ್ಲ ಅಂತ ಹೇಳ್ಬಹುದಲ್ವಾ, ಹಾಗೆ. ಆದ್ರೆ ಅದನ್ನ ಆಕೆಯ ಭಾಷೇಲಿ, ಆಕೆಗೆ ಪರಿಚಯ ಇರೋರು, ಹತ್ತು ನಿಮಿಷದ ಅಪಾಯಿಂಟ್‌ಮೆಂಟಿಗಿಂತ ಜಾಸ್ತಿ ಹೊತ್ತು ಕೂತು ಹೇಳ್ಬೇಕಿತ್ತು.

ಇನ್ನೊಂದು ಸೂಕ್ಷ್ಮ. ಅನೇಕ ಸೊಮಾಲಿ ತಾಯಂದಿರು ಎಂಎಂಆರ್ ಬೇಡವೇ ಬೇಡ ಅನ್ನಲ್ಲ, ಮಗು ಮಾತು ಕಲೀಲಿ ಆಮೇಲೆ ಹಾಕಿಸೋಣ ಅಂತಾರೆ. ಬೇರೆ ಲಸಿಕೆಗಳಿಗೆ ಅಷ್ಟು ತಕರಾರಿಲ್ಲ, ಇದೊಂದಕ್ಕೆ ಮಾತ್ರ. ಅವರ ಲೆಕ್ಕದಲ್ಲಿ ಇದು ಮಧ್ಯದ ದಾರಿ, ಮೂರೋ ನಾಲ್ಕೋ ವರ್ಷಕ್ಕೆ ಚೆನ್ನಾಗಿ ಮಾತಾಡಿದ ಮೇಲೆ ಹೆದರಿಕೆ ಇಲ್ಲ ಅಂತ. ತೊಂದರೆ ಏನಂದ್ರೆ ದಡಾರ ಹೆಚ್ಚು ಕೊಲ್ಲೋದು ಐದು ವರ್ಷದೊಳಗಿನ ಮಕ್ಕಳನ್ನೇ, ಮಗು ರಕ್ಷಣೆ ಇಲ್ಲದೆ ಡೇ ಕೇರಿಗೆ ಹೋಗೋದೂ ಅದೇ ವಯಸ್ಸಲ್ಲಿ.

ಹಬ್ಬಿದ್ದು

2011ರಲ್ಲಿ ಕೆನ್ಯಾಗೆ ಹೋಗಿ ಬಂದ ಒಂದು ಮಗುವಿಂದ ಶುರುವಾಗಿ 21 ಜನಕ್ಕೆ ಬಂತು, ಎಚ್ಚರಿಕೆ ಅಂತ ತಗೋಬಹುದಿತ್ತು. ದೊಡ್ಡದು ಬಂದಿದ್ದು 2017ರ ಏಪ್ರಿಲ್‌ನಲ್ಲಿ. ಆಗಸ್ಟ್ ಕೊನೆಗೆ ಮುಗೀತು ಅನ್ನೋ ಹೊತ್ತಿಗೆ 75 ಕೇಸ್, ಬಹುಪಾಲು ಲಸಿಕೆ ಆಗದ ಸೊಮಾಲಿ ಮಕ್ಕಳು, ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದ್ರು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅತ್ತ ಮಕ್ಕಳು ಆಸ್ಪತ್ರೇಲಿದ್ದಾಗಲೇ ಇತ್ತ ಲಸಿಕೆ ವಿರೋಧಿಗಳು ಮಿನ್ನಿಯಾಪೊಲಿಸ್‌ನಲ್ಲಿ ಸಭೆ ಕರೆದಿದ್ರು. ಇಂಥ ಧೈರ್ಯಕ್ಕೆ ಏನನ್ಬೇಕೋ.

ಆಗ ಆರೋಗ್ಯ ಇಲಾಖೆ ದಾರಿ ಬದಲಾಯಿಸ್ತು. ಸೊಮಾಲಿ ಮಾತಾಡೋ ಸಿಬ್ಬಂದಿ ಮನೆಮನೆಗೆ ಹೋದ್ರು, ಮಸೀದಿಗಳಲ್ಲಿ ಇಮಾಮರು ಮಾತಾಡಿದ್ರು, ಸೊಮಾಲಿ ಡಾಕ್ಟರು ನರ್ಸುಗಳು ಮುಂದೆ ಬಂದ್ರು. ವಾರಕ್ಕೆ ಹಾಕೋ ಎಂಎಂಆರ್ ಡೋಸ್ ಸಂಖ್ಯೆ ಹಲವು ಪಟ್ಟು ಏರ್ತು. ಅಂದ್ರೆ ಭಯ ಎರಡು ಕಡೆ ತೂಗುತ್ತೆ, ಪಕ್ಕದ ಮನೆ ಮಗು ಐಸಿಯುನಲ್ಲಿದ್ರೆ ಆಟಿಸಂ ಭಯ ಹಿಂದೆ ಸರಿಯುತ್ತೆ. ಆದ್ರೆ ಸುದ್ದಿ ತಣ್ಣಗಾದ ಮೇಲೆ ಸಿಬ್ಬಂದಿಯ ಓಡಾಟ ಕಮ್ಮಿ ಆಗುತ್ತೆ, ಹಳೇ ಭಯ ಮತ್ತೆ ಮೇಲೆ ಬರುತ್ತೆ. 2022ರಲ್ಲಿ ಮತ್ತೆ ಬಂತು, 2024ರಲ್ಲಿ 70 ಕೇಸ್. ಎರಡು ವರ್ಷದ ಸೊಮಾಲಿ ಮಕ್ಕಳಲ್ಲಿ ಎಂಎಂಆರ್ ಆಗಿರೋರು ಈಗ ನೂರಕ್ಕೆ 24ರ ಆಸುಪಾಸು.

ಒಂದೊಂದು ಮನೆ, ಒಂದೊಂದು ಗಾಯ

ಅಲ್ಪಸಂಖ್ಯಾತರಲ್ಲಿ ಲಸಿಕೆ ಹಿಂಜರಿಕೆ ಅಂತ ಒಂದೇ ಹೆಸರಿಟ್ಟು ಮಾತಾಡೋದ್ರಲ್ಲೇ ಅರ್ಧ ತಪ್ಪಿದೆ. ಅಮೆರಿಕದ ಕರಿಯರ ಬಗ್ಗೆ ಮಾತು ಬಂದಾಗ ಎಲ್ಲರೂ ಟಸ್ಕೀಗಿ ಹೆಸರು ತೆಗೀತಾರೆ. ಅಲಬಾಮಾದಲ್ಲಿ 1932ರಿಂದ 1972ರ ತನಕ, 40 ವರ್ಷ, ಸರ್ಕಾರದ ಆರೋಗ್ಯ ಸೇವೆಯೇ ಸಿಫಿಲಿಸ್ ಇದ್ದ 399 ಬಡ ಕರಿಯರಿಗೆ ನಿಜ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಕೊಡದೆ, ರೋಗ ಹೇಗೆ ಬೆಳೆಯುತ್ತೆ ಅಂತ ನೋಡ್ತಾ ಕೂತಿತ್ತು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ರು. ಆದ್ರೆ ಇದು ಸೊಮಾಲಿಗಳ ನೆನಪಲ್ಲ, ಅವರು ಬಂದಿದ್ದೇ ತೊಂಬತ್ತರ ದಶಕದಲ್ಲಿ. ಮೈಬಣ್ಣ ಒಂದೇ ಅಂತ ಇಬ್ಬರಿಗೂ ಒಂದೇ ಕರಪತ್ರ ಹಂಚಿದ್ರೆ ಯಾರ ಪ್ರಶ್ನೆಗೂ ಉತ್ತರ ಸಿಗಲ್ಲ.

ಟೆಕ್ಸಸ್‌ನ ಗೇನ್ಸ್ ಕೌಂಟಿಯ ಮೆನ್ನೊನೈಟರು ಬಿಳಿಯರೇ, ಮೆಕ್ಸಿಕೊದಿಂದ ಬಂದು ನೆಲೆಸಿದೋರು, ಮನೇಲಿ ಒಂದು ಬಗೆಯ ಹಳೇ ಜರ್ಮನ್ ಮಾತಾಡ್ತಾರೆ. ಅವರ ಧರ್ಮದಲ್ಲಿ ಲಸಿಕೆ ನಿಷೇಧ ಏನಿಲ್ಲ, ಆದ್ರೆ ಸರ್ಕಾರಿ ಶಾಲೆ ಸರ್ಕಾರಿ ಆಸ್ಪತ್ರೆ ಎರಡರಿಂದಲೂ ದೂರ ಇದ್ದು ಅಭ್ಯಾಸ. 2025ರಲ್ಲಿ ಅಲ್ಲಿಂದ ಶುರುವಾದ ದಡಾರ ರಾಜ್ಯದಲ್ಲಿ 762 ಕೇಸ್ ತನಕ ಹೋಯ್ತು, ಎರಡು ಮಕ್ಕಳು ಸತ್ವು. ನ್ಯೂಯಾರ್ಕ್ ನಗರದಲ್ಲಿ 2018 ಮತ್ತು 2019ರಲ್ಲಿ 649 ಕೇಸ್, ಹೆಚ್ಚಿನವು ಬ್ರೂಕ್ಲಿನ್‌ನ ಸಂಪ್ರದಾಯಸ್ಥ ಯಹೂದಿ ಕೇರಿಗಳಲ್ಲಿ, ಅವರ ಧರ್ಮದ ಮಾತುಗಳನ್ನೇ ಬಳಸಿ ಅಚ್ಚು ಹಾಕಿಸಿದ ಲಸಿಕೆ ವಿರೋಧಿ ಪುಸ್ತಿಕೆ ಅಲ್ಲಿ ಹರಿದಾಡಿತ್ತು. ಅಲ್ಲೇ ಹತ್ತಿರದ ಮಾನ್ಸಿ ಅನ್ನೋ ಊರಲ್ಲಿ 2019ರ ಮೇ ತಿಂಗಳಲ್ಲಿ ನಡೆದ ಸಭೆಗೆ ಸ್ಕೈಪ್‌ನಲ್ಲಿ ಮಾತಾಡಿದ್ದು ಯಾರು ಅಂದ್ಕೊಂಡ್ರಿ? ಅದೇ ವೇಕ್‌ಫೀಲ್ಡ್. ಸರ್ಕಾರಕ್ಕೆ ಸಿಗದ ಬಾಗಿಲು ಈತನಿಗೆ ಎಲ್ಲಾ ಕಡೆ ಸಿಗುತ್ತೆ, ಯಾಕಂದ್ರೆ ಈತ ಹೋಗೋದು ಗಾಯ ಎಲ್ಲಿದೆ ಅಂತ ನೋಡ್ಕೊಂಡು.

ಬ್ರಿಟನ್ ಬೇರೆ ಪಾಠ ಹೇಳುತ್ತೆ. 2020ರ ಕೊನೆಗೆ ನಡೆದ ಒಂದು ದೊಡ್ಡ ಸಮೀಕ್ಷೇಲಿ ಕರಿಯರಲ್ಲಿ ನೂರಕ್ಕೆ 72 ಜನ ಕೋವಿಡ್ ಲಸಿಕೆ ಹಾಕಿಸ್ಕೊಳ್ಳೋದು ಅನುಮಾನ ಅಂದಿದ್ರು, ಪಾಕಿಸ್ತಾನಿ ಮತ್ತು ಬಾಂಗ್ಲಾದೇಶಿ ಮೂಲದೋರಲ್ಲಿ 42. ಆಮೇಲೆ ಅವರಲ್ಲಿ ಬಹಳ ಜನ ಹಾಕಿಸ್ಕೊಂಡ್ರು. ಹಿಂಜರಿಕೆ ಅನ್ನೋದು ಕಲ್ಲಲ್ಲಿ ಕೆತ್ತಿದ್ದಲ್ಲ, ಆ ಗಳಿಗೆಯ ಅನುಮಾನ ಅಷ್ಟೇ.

ನಮ್ಮ ದೇಶದ್ದೇ ಉದಾಹರಣೆ ಇದೆ. 2002ರಲ್ಲಿ ಭಾರತದಲ್ಲಿ 1,600 ಪೋಲಿಯೊ ಕೇಸ್ ಬಂದ್ವು, ಮುಕ್ಕಾಲು ಪಾಲಿಗಿಂತ ಹೆಚ್ಚು ಉತ್ತರ ಪ್ರದೇಶದ್ದು, ಅದರಲ್ಲಿ ಮುಸ್ಲಿಂ ಮಕ್ಕಳು ಜನಸಂಖ್ಯೆಯ ಪ್ರಮಾಣಕ್ಕಿಂತ ಬಹಳ ಜಾಸ್ತಿ. ಹನಿ ಹಾಕಿದ್ರೆ ಮುಂದೆ ಮಕ್ಕಳಾಗಲ್ಲ ಅಂತ ಸುದ್ದಿ. ಗಾಳಿಯಿಂದ ಹುಟ್ಟಿದ ಸುದ್ದಿ ಅಲ್ಲ ಅದು, 1976ರ ಎಮರ್ಜೆನ್ಸಿಯಲ್ಲಿ ಪೊಲೀಸರನ್ನ ಕರ್ಕೊಂಡು ಬಂದು ಸಂತಾನಹರಣ ಚಿಕಿತ್ಸೆ ಮಾಡಿಸಿದ ಸರ್ಕಾರನೇ ಈಗ ಹನಿ ಹಿಡ್ಕೊಂಡು ಬಾಗಿಲಿಗೆ ಬಂದಿತ್ತು. ಜೊತೆಗೆ ಇನ್ನೊಂದು ಸಿಟ್ಟು, ನೀರಿಲ್ಲ ಚರಂಡಿ ಇಲ್ಲ ಮಗೂಗೆ ಜ್ವರ ಬಂದ್ರೆ ಡಾಕ್ಟರ್ ಇಲ್ಲ, ಈ ಎರಡು ಹನಿಗೆ ಮಾತ್ರ ತಿಂಗಳು ತಿಂಗಳು ಯಾಕೆ ಬರ್ತೀರಾ ಅಂತ. ಬೈದು ಬದಲಾಯಿಸಲಿಲ್ಲ ಅದನ್ನ. ಅದೇ ಓಣಿಯ ಹೆಂಗಸರನ್ನ ಯುನಿಸೆಫ್ ತಂಡಕ್ಕೆ ಸೇರಿಸ್ಕೊಂಡ್ರು, ಅಲಿಗಢ ಮತ್ತು ಜಾಮಿಯಾ ವಿಶ್ವವಿದ್ಯಾಲಯದ ಜನ, ಮೌಲ್ವಿಗಳು ಕೈ ಜೋಡಿಸಿದ್ರು, ಹನಿ ಜೊತೆ ಬೇರೆ ಆರೋಗ್ಯದ ಮಾತೂ ಶುರುವಾಯ್ತು. ಕೊನೆಯ ಕೇಸ್ 2011ರ ಜನವರಿ 13, ಪಶ್ಚಿಮ ಬಂಗಾಳದ ಹೌರಾ. 2014ರ ಮಾರ್ಚ್‌ನಲ್ಲಿ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ.

ಯಾರು ಏನ್ ಹೇಳ್ತಾರೆ

ಕಾನೂನು ಬಿಗಿ ಮಾಡಿ ಅನ್ನೋರದ್ದು ಒಂದು ವಾದ. ಮಿನ್ನೆಸೋಟದಲ್ಲಿ ನನ್ನ ಮನಸ್ಸಾಕ್ಷಿ ಒಪ್ಪಲ್ಲ ಅಂತ ನೋಟರಿ ಮಾಡಿಸಿ ಕೊಟ್ರೆ ಲಸಿಕೆ ಇಲ್ಲದೆ ಮಗೂನ ಶಾಲೆಗೆ ಸೇರಿಸ್ಬಹುದು. ಕ್ಯಾಲಿಫೋರ್ನಿಯಾ 2015ರಲ್ಲಿ, ನ್ಯೂಯಾರ್ಕ್ 2019ರಲ್ಲಿ ಇಂಥ ವಿನಾಯಿತಿ ತೆಗೆದುಹಾಕಿದ್ವು, ಲಸಿಕೆ ಪ್ರಮಾಣ ಏರ್ತು ಕೂಡ. ಈ ವಾದದಲ್ಲಿ ಹುರುಳಿದೆ. ಆದ್ರೆ ಸೊಮಾಲಿಗಳ ಸಮಸ್ಯೆ ಇರೋದು ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ, ಶಾಲೆ ಗೇಟಿನಲ್ಲಿ ನಿಲ್ಲಿಸಿ ಕೇಳೋ ಹೊತ್ತಿಗೆ ಅಪಾಯದ ವಯಸ್ಸು ಮುಗಿದಿರುತ್ತೆ. ಡೇ ಕೇರಿಗೂ ಕಡ್ಡಾಯ ಮಾಡಿದ್ರೆ ಮಗೂನ ಅಜ್ಜಿ ಹತ್ರ ಬಿಡ್ತಾರೆ ಅಷ್ಟೇ.

ಇನ್ನೊಂದು, ತಿಳುವಳಿಕೆ ಕೊಡಿ ಸಾಕು ಅನ್ನೋದು. ಇದು ನನಗೆ ಅರೆಬರೆ ಅನ್ಸುತ್ತೆ. ಸೊಮಾಲಿ ತಾಯಂದಿರಿಗೆ ಮಾಹಿತಿ ಕಮ್ಮಿ ಇರಲಿಲ್ಲ, ಯಾರ ಮಾಹಿತಿ ನಂಬೋದು ಅನ್ನೋದೇ ಪ್ರಶ್ನೆ ಆಗಿತ್ತು. ಆಟಿಸಂ ಇರೋ ಮಗೂಗೆ ಥೆರಪಿ ಸಿಗದೆ ವೇಟಿಂಗ್ ಲಿಸ್ಟಲ್ಲಿ ಕೂತಿರೋ ಮನೆಗೆ ಎಂಎಂಆರ್ ಕರಪತ್ರ ತಗೊಂಡು ಹೋದ್ರೆ, ನಮ್ಮ ಕಷ್ಟ ಕೇಳೋಕೆ ಬರದೋರು ನಿಮ್ಮ ಟಾರ್ಗೆಟ್ ಮುಗಿಸೋಕೆ ಬಂದ್ರಾ ಅಂತಾರೆ. ಉತ್ತರ ಪ್ರದೇಶದಲ್ಲೂ ಅಂದಿದ್ದು ಅದನ್ನೇ.

ವೈಯಕ್ತಿಕ ಸ್ವಾತಂತ್ರ್ಯ, ಅಪ್ಪ ಅಮ್ಮನ ಇಷ್ಟ ಅನ್ನೋ ವಾದಕ್ಕೆ ಈಗಿನ ಸರ್ಕಾರದ ಬೆಂಬಲ ಇದೆ. ಆದ್ರೆ 11 ತಿಂಗಳ ಕೂಸಿಗೆ ಇನ್ನೂ ಲಸಿಕೆಯ ವಯಸ್ಸೇ ಆಗಿರಲ್ಲ, ಕ್ಯಾನ್ಸರ್ ಚಿಕಿತ್ಸೆ ತಗೊಳ್ತಿರೋ ಮಗೂಗೆ ಹಾಕೋ ಹಾಗೇ ಇಲ್ಲ. ಅವರ ಸ್ವಾತಂತ್ರ್ಯ ಯಾರ ಲೆಕ್ಕದಲ್ಲೂ ಬರಲ್ಲ.

ಇನ್ನು ಕೆಲವರು ಸಮುದಾಯದ ಹೆಸರೇ ಹೇಳ್ಬಾರದು, ಹೇಳಿದ್ರೆ ದ್ವೇಷ ಹೆಚ್ಚುತ್ತೆ ಅಂತಾರೆ. ಆ ಭಯಕ್ಕೆ ಕಾರಣ ಇದೆ. ಆದ್ರೆ ಎಲ್ಲಿ ಹಬ್ಬಿದೆ ಅಂತ ಹೇಳದೆ ಅಲ್ಲಿಗೆ ನರ್ಸ್ ಕಳಿಸೋದು ಹೇಗೆ? ಹೆಸರು ಹೇಳೋದು ಬೇರೆ, ಬೆರಳು ತೋರಿಸೋದು ಬೇರೆ.

ಈಗ ಬಾಗಿಲು ತೆರೆಯೋಕೇ ಭಯ

ಇಷ್ಟು ದಿನ ಭಯ ಇದ್ದದ್ದು ಇಂಜೆಕ್ಷನ್ ಬಗ್ಗೆ. ಈಗ ಆಸ್ಪತ್ರೆಗೆ ಹೋಗೋ ದಾರಿ ಬಗ್ಗೆನೇ ಭಯ. ಆಸ್ಪತ್ರೆ, ಶಾಲೆ, ಪ್ರಾರ್ಥನಾ ಸ್ಥಳಗಳಲ್ಲಿ ವಲಸೆ ಅಧಿಕಾರಿಗಳು ಸಾಮಾನ್ಯವಾಗಿ ಕಾರ್ಯಾಚರಣೆ ಮಾಡಬಾರದು ಅಂತ ಇದ್ದ ನಿಯಮವನ್ನ 2025ರ ಜನವರಿಯಲ್ಲೇ ತೆಗೆದುಹಾಕಿದ್ರು. ಬಡವರ ಆರೋಗ್ಯ ವಿಮೆ ಮೆಡಿಕೇಡ್‌ನ ಮಾಹಿತಿನ ವಲಸೆ ಇಲಾಖೆಗೆ ಕೊಡೋ ವಿಷಯ ಅದೇ ವರ್ಷ ಹೊರಗೆ ಬಂದು ಕೋರ್ಟ್ ಮೆಟ್ಟಿಲು ಹತ್ತಿತು. ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಸೊಮಾಲಿಗಳನ್ನ ಕಸ ಅಂತ ಕರೆದ್ರು, ಮಿನ್ನಿಯಾಪೊಲಿಸ್ ಬೀದಿಗಳಿಗೆ ವಲಸೆ ಇಲಾಖೆಯ ಪಡೆ ಇಳೀತು.

ಇದರ ಪರಿಣಾಮ ಲಸಿಕೆ ಮೇಲೆ ಹೇಗಾಗುತ್ತೆ ಅಂತ ಬಿಡಿಸಿ ನೋಡಿ. ಮಿನ್ನೆಸೋಟದ ಸೊಮಾಲಿಗಳಲ್ಲಿ ಬಹುಪಾಲು ಜನ ಅಮೆರಿಕದ ಪ್ರಜೆಗಳೇ, ಮಕ್ಕಳಂತೂ ಅಲ್ಲೇ ಹುಟ್ಟಿದೋರು. ಆದ್ರೂ ಮನೇಲಿ ಒಬ್ಬ ಚಿಕ್ಕಪ್ಪನೋ ಅತ್ತೆಯೋ ಕಾಗದ ಸರಿ ಇಲ್ಲದೋರು ಇದ್ರೆ ಇಡೀ ಮನೆ ತಲೆ ತಗ್ಗಿಸಿ ಓಡಾಡುತ್ತೆ. ಅಪರಿಚಿತರು ಬಾಗಿಲು ಬಡಿದ್ರೆ ತೆಗೆಯಲ್ಲ, ಅದು ಆರೋಗ್ಯ ಇಲಾಖೆಯ ಸೊಮಾಲಿ ಹುಡುಗಿನೇ ಆದ್ರೂ. 2017ರಲ್ಲಿ ಕೆಲಸ ಮಾಡಿದ್ದೇ ಆ ಮನೆಮನೆ ಓಡಾಟ, ಅದು ನಿಂತ್ರೆ ಉಳಿಯೋದು ಫೋನಿನಲ್ಲಿ ಬರೋ ವೀಡಿಯೊಗಳು. ದಡಾರ ಹಬ್ಬಿದಾಗ ರೋಗಿ ಯಾರ್ಯಾರನ್ನ ಭೇಟಿ ಮಾಡಿದ್ದ ಅಂತ ಪಟ್ಟಿ ಮಾಡಿ ಎಲ್ಲರಿಗೂ ಫೋನ್ ಮಾಡ್ಬೇಕು, ಪಟ್ಟಿ ಅಂದ್ರೇ ಹೆದರೋ ಜನ ಹೆಸರು ಕೊಡ್ತಾರಾ?

ಮುಂದೆ ಏನಾಗ್ಬಹುದು

ಇಷ್ಟು ವರ್ಷ ದಡಾರ ಒಂದು ಕೇರಿಯಲ್ಲಿ ಹತ್ತಿಕೊಂಡು ಸುತ್ತ ಇರೋ ಲಸಿಕೆ ಗೋಡೆಗೆ ಬಡಿದು ಆರಿಹೋಗ್ತಿತ್ತು. ಆ ಗೋಡೆನೇ ಈಗ ತೆಳ್ಳಗಾಗ್ತಿದೆ. ಅಮೆರಿಕದಲ್ಲಿ ಶಾಲೆ ಸೇರೋ ಮಕ್ಕಳಲ್ಲಿ ಎಂಎಂಆರ್ ಆದೋರು 2019-20ರಲ್ಲಿ ನೂರಕ್ಕೆ 95.2 ಇದ್ದದ್ದು 2024-25ಕ್ಕೆ 92.5, ಇದು ಇಡೀ ದೇಶದ ಲೆಕ್ಕ, ಇದರಲ್ಲಿ ಸೊಮಾಲಿಗಳ ಪಾಲು ಚಿಟಿಕೆಯಷ್ಟು. 2000ದಲ್ಲಿ ದಡಾರ ಮುಕ್ತ ಅನ್ನಿಸ್ಕೊಂಡ ದೇಶದಲ್ಲಿ 2025ರಲ್ಲಿ 2,000ಕ್ಕೂ ಹೆಚ್ಚು ಕೇಸ್. ಒಂದೇ ಸರಣಿಯ ಸೋಂಕು 12 ತಿಂಗಳು ಬಿಡದೆ ಮುಂದುವರಿದ್ರೆ ಆ ಪಟ್ಟ ಹೋಗುತ್ತೆ, ಕೆನಡಾಗೆ ಆಗಿದ್ದು ಅದೇ. ಪಟ್ಟ ಹೋದ್ರೆ ದಂಡ ಏನಿಲ್ಲ, ಆದ್ರೆ ಕಾಯಿಲೆ ಹೊರಗಿಂದ ಬರೋದಲ್ಲ ಈಗ ಇಲ್ಲೇ ಇದೆ ಅಂತ ಅರ್ಥ.

ಅಲ್ಲಿರೋ ನಮ್ಮವರಿಗೂ ಇದು ತಟ್ಟುತ್ತೆ. ವರ್ಷ ತುಂಬದ ಕೂಸನ್ನ ಡೇ ಕೇರಿಗೆ ಬಿಡೋ ಮನೆಗಳು ಬೇಕಾದಷ್ಟಿವೆ. ಅಮೆರಿಕದಿಂದ ಭಾರತಕ್ಕೆ ಕರ್ಕೊಂಡು ಬರೋ 6ರಿಂದ 11 ತಿಂಗಳ ಮಗೂಗೆ ಪ್ರಯಾಣಕ್ಕೆ ಮುಂಚೆ ಒಂದು ಡೋಸ್ ಹಾಕಿಸಿ ಅಂತ ಅಲ್ಲಿನ ಮಕ್ಕಳ ಡಾಕ್ಟರು ಹೇಳ್ತಾರೆ, ಆದ್ರೆ ಅದು ಲೆಕ್ಕಕ್ಕೆ ಬರಲ್ಲ, ವರ್ಷ ಆದ ಮೇಲೆ ಮತ್ತೆ ಎರಡು ಡೋಸ್ ಬೇಕು. ಇಲ್ಲಿಂದ ಹೋಗೋರಿಗೆ ಇನ್ನೊಂದು ಗೊಂದಲ, ನಮ್ಮ ಸರ್ಕಾರಿ ಆಸ್ಪತ್ರೇಲಿ 9 ತಿಂಗಳಿಗೂ 16 ತಿಂಗಳ ಮೇಲೂ ಹಾಕೋದು ಎಂಆರ್, ಅದರಲ್ಲಿ ಮಂಗನಬಾವಿನ ಲಸಿಕೆ ಇಲ್ಲ, ಅಲ್ಲಿನ ಶಾಲೆ ಎಂಎಂಆರ್ ಕೇಳುತ್ತೆ. ಆ ಎಂಆರ್ ಅಭಿಯಾನ 2017ರ ಫೆಬ್ರವರಿಯಲ್ಲಿ ದೇಶಕ್ಕೆ ಶುರುವಾಗಿದ್ದು ನಮ್ಮ ಬೆಂಗಳೂರಿಂದಲೇ, ಆಗ ಇಲ್ಲೂ ವಾಟ್ಸಾಪ್‌ನಲ್ಲಿ ಏನೇನು ಹರಿದಾಡ್ತು ಅಂತ ಶಾಲೆ ಮಕ್ಕಳ ಅಪ್ಪ ಅಮ್ಮಂದಿರಿಗೆ ನೆನಪಿರುತ್ತೆ, ಹಾಗಾಗಿ ಸೊಮಾಲಿಗಳನ್ನ ನೋಡಿ ನಗೋ ಹಾಗಿಲ್ಲ.

ಕೊನೇದಾಗಿ ಸಿಡಿಸಿ ಪುಟಕ್ಕೆ ವಾಪಸ್ ಬರೋಣ. 2010ರಲ್ಲಿ ವೇಕ್‌ಫೀಲ್ಡ್ ಮಿನ್ನಿಯಾಪೊಲಿಸ್‌ಗೆ ಬಂದಾಗ ಅವನ ಹಿಂದೆ ಯಾವ ಸಂಸ್ಥೆಯೂ ಇರಲಿಲ್ಲ, ಎದುರಿಗೆ ಇಡೀ ವೈದ್ಯಲೋಕ ಇತ್ತು, ಆದ್ರೂ 92 ಇದ್ದದ್ದು 42 ಆಯ್ತು. ಈಗ ಅವನ ಮಾತಿಗೆ ಹತ್ತಿರದ ಮಾತು ಸರ್ಕಾರಿ ಮುದ್ರೆ ಹೊತ್ತು ಕೂತಿದೆ. ಅನೇಕ ರಾಜ್ಯಗಳು ಸಿಡಿಸಿ ಬಿಟ್ಟು ಮಕ್ಕಳ ತಜ್ಞರ ಸಂಘದ ಸಲಹೆ ಹಿಡ್ಕೊಂಡಿವೆ, ಡಾಕ್ಟರುಗಳೂ ಅದನ್ನೇ ಹೇಳ್ತಿದಾರೆ. ಆದ್ರೆ ಸೀಡರ್ ರಿವರ್‌ಸೈಡ್‌ನ ಕ್ಲಿನಿಕ್ಕಿನಲ್ಲಿ ಸೊಮಾಲಿ ನರ್ಸ್ ಎದುರಿಗೆ ಕೂತ ತಾಯಿ ಫೋನ್ ತೆಗೆದು ಆ ಪುಟ ತೋರಿಸಿ, ಇದು ನಿಮ್ಮದೇ ಸರ್ಕಾರ ಅಲ್ವಾ ಅಂದ್ರೆ, ಆ ನರ್ಸ್ ಮೊದಲು ವಿಜ್ಞಾನ ಹೇಳೋ ಹಾಗಿಲ್ಲ, ಸರ್ಕಾರದ ಮಾತನ್ನ ಯಾಕೆ ನಂಬಬಾರದು ಅಂತ ಹೇಳ್ಬೇಕು. ಹದಿನೈದು ವರ್ಷ ಸರ್ಕಾರದ ಮಾತು ನಂಬಿ ಅಂತ ಬೇಡಿಕೊಂಡ ಅದೇ ನರ್ಸು.